ಪ್ರೇಮಲತಾ ಬಿಟ್ಟಿದ್ದ ಕೊಸರು

ಕುಣಿಗಲ್ಲಿನ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ, ಗೆಳತಿ ಪ್ರೇಮಲತಾ ಫಿಸಿಕ್ಸ್. ಇಬ್ಬರೂ ಗೆಸ್ಟ್ ಲೆಕ್ಚರರುಗಳು. ಬಿಡುವು ಸಿಕ್ಕರೆ ಸಾಕು, ಅವಳು ಪ್ರೋಟಾನಿನ ಪುರಾಣ ತೆಗೆಯುತ್ತಾಳೆ. ಎರಡು ಪ್ರೋಟಾನುಗಳು ಮಹಾವೇಗದಲ್ಲಿ ಡಿಕ್ಕಿ ಹೊಡೆದರೆ ಒಳಗಿನ ಕ್ವಾರ್ಕುಗಳು ಎತ್ತ, ಎಷ್ಟು ಚದುರುತ್ತವೆ? ಅದನ್ನು ಲೆಕ್ಕದಲ್ಲೇ ಹೇಳಿಬಿಡುವುದು ಅವಳ ಪಿಎಚ್‌ಡಿ. ಏಳು ವರ್ಷವಾಗಿತ್ತು. ಬರುವ ಶುಕ್ರವಾರದೊಳಗೆ ಥೀಸಿಸ್ ಕೊಡದಿದ್ದರೆ ರಿಜಿಸ್ಟ್ರೇಷನ್ ರದ್ದು ಎಂದು ತುಮಕೂರಿನ ವಿಶ್ವವಿದ್ಯಾಲಯದಿಂದ ಪತ್ರ ಬಂದಿತ್ತು. ಗ್ರಾಫಿನಲ್ಲಿ ಇವಳ ಲೆಕ್ಕದ ಗೆರೆಯೋ, ಪ್ರಯೋಗದ ಚುಕ್ಕಿಗಳ ಹತ್ತಿರವೂ ಸುಳಿಯುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಸಮಾಧಾನ ಹೇಳೋಣವೆಂದು ಅವಳ ಊರು ಕೊತ್ತಗೆರೆಗೆ ಹೋದೆ. ಜಗುಲಿಯ ಮೇಲೆ ಲ್ಯಾಪ್‌ಟಾಪ್ ಮುಂದೆ ಮುಖ ಊದಿಸಿಕೊಂಡು ಕೂತಿದ್ದಳು. ಪಕ್ಕದಲ್ಲೇ ಅವಳ ತಾಯಿ ಗಂಗಲಕ್ಷ್ಮಮ್ಮ ನೆರೆಮನೆಯ ವೆಂಕಟರಂಗಯ್ಯನಿಗೆ ರಾಗಿ ಅಳೆದುಕೊಡುತ್ತಿದ್ದರು. "ಲಾಭ... ಎರಡು... ಮೂರು..." ಒಂದಕ್ಕೆ ಲಾಭ ಅನ್ನುವುದು ಅಳೆಯುವವರ ರೂಢಿ. ಪ್ರತಿ ಸೇರಿನ ಮೇಲೂ ಒಂದು ದೊಡ್ಡ ಹಿಡಿ ಕೊಸರು. ಆ ಮನೆಯಲ್ಲಿ ಕೊಸರನ್ನು ಯಾರೂ ಎಣಿಸುವುದಿಲ್ಲ, ಎಣಿಸಿದರೆ ಮರ್ಯಾದೆಗೇಡು.

"ನಿಲ್ಸಕ್ಕಾ, ತುಂಬೋಯ್ತು!" ವೆಂಕಟರಂಗಯ್ಯ ಕೂಗಿದ. "ಇಪ್ಪತ್ ಸೇರಿನ್ ಡಬ್ಬ ಇದು. ನೀನಿನ್ನೂ ಹದ್ನೆಂಟು ಅಂತಿದ್ಯಲ್ಲ!"

"ಕೊಸರಿತ್ತಲ್ಲಪ್ಪ, ಅದುಕ್ಕೆ."

ಪ್ರೇಮಲತಾ ದಡಕ್ಕನೆ ಎದ್ದಳು. "ಅಮ್ಮಾ, ನಿನ್ ಕೊಸರೇ ಎರಡ್ ಸೇರಾಯ್ತು!" ನನ್ನ ಕೈ ಹಿಡಿದು ಅಲ್ಲಾಡಿಸಿದಳು. "ನಾನ್ ಬಿಟ್ಟಿರೋದೂ ಇದನ್ನೇ ಕಣೇ!"

ಚದುರುವ ಕ್ವಾರ್ಕು ದಾರಿಯುದ್ದಕ್ಕೂ ಗ್ಲುಆನ್ ಎಂಬ ಕಣಗಳನ್ನು ಉದುರಿಸುತ್ತಾ ಹೋಗುತ್ತದಂತೆ. ಒಂದೊಂದರದೂ ಅತಿ ಕಡಿಮೆ ಶಕ್ತಿ. ಅಷ್ಟು ಸಣ್ಣದ್ದು ಲೆಕ್ಕಕ್ಕೆ ಬೇಡವೆಂದು ಇವಳೇ ಪ್ರೋಗ್ರಾಮಿನಲ್ಲಿ ಬೇಲಿ ಹಾಕಿದ್ದಳು. ಸಣ್ಣದ್ದನ್ನೂ ನೋಡಿ ಎಂದು ಗೈಡ್ ಎರಡು ಸಲ ಹೇಳಿದ್ದರು. ಈ ಮಹಾತಾಯಿ ಕೇಳಬೇಕಲ್ಲ! ಕೊಸರು ಎಣಿಸದ ಮನೆಯಲ್ಲಿ ಬೆಳೆದವಳು.

ಬೇಲಿ ಕಿತ್ತಳು. ಊಟಕ್ಕೆ ಕರೆದರೆ ಕಿವಿಯೇ ಇಲ್ಲ. ಮಧ್ಯಾಹ್ನ ಮೂರೂವರೆಗೆ ಪರದೆಯ ಮೇಲೆ ಗೆರೆ ಬಾಗಿತು, ಮೊದಲ ಚುಕ್ಕಿ ಮುಟ್ಟಿತು, ಎರಡನೆಯದು, ಆಮೇಲೆ ಎಲ್ಲವನ್ನೂ! ನಾನು ಕಿರುಚಿಯೇಬಿಟ್ಟೆ. ಅಷ್ಟು ಖುಷಿ ನನ್ನ ಸ್ವಂತ ರಿಸಲ್ಟ್ ಬಂದಾಗಲೂ ಆಗಿರಲಿಲ್ಲ.

ಗುರುವಾರವೇ ತುಮಕೂರಿಗೆ ಹೋಗಿ ಥೀಸಿಸ್ ಕೊಟ್ಟೆವು. ಸಂಜೆ ಮನೆಗೆ ಬಂದು ಅವಳು ತಾಯಿಯ ರಾಗಿಹಿಟ್ಟು ಮೆತ್ತಿದ ಕೈಯನ್ನು ಕಣ್ಣಿಗೊತ್ತಿಕೊಂಡಳು. "ಕೊಸರೆಲ್ಲಾ ಲೆಕ್ಕಕ್ಕೆ ತಗೊಂಡೆ ಕಣಮ್ಮ, ಅದುಕ್ಕೇ ಸರಿಹೋಯ್ತು."

ಗಂಗಲಕ್ಷ್ಮಮ್ಮನ ಮುಖ ಸಣ್ಣಗಾಯಿತು. ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು:

"ಎಣಿಸಿದ್ರೆ ಎಣಿಸ್ದೆ ಬುಡು. ಊರಲ್ಲಿ ಮಾತ್ರ ಯಾರ್ಗೂ ಹೇಳ್ಬೇಡ."