ಬ್ರೇಕಿನ ಕಾಲು

ಆ ಕಾಲು ತಾನಾಗಿ ಬಿಗಿದುಕೊಳ್ಳುತ್ತಿದೆಯೋ, ಇಲ್ಲಾ ಮಾವನೇ ಒತ್ತುತ್ತಿದ್ದಾರೋ? ಸೊಸೆಯ ತಲೆಯಲ್ಲಿ ನಿನ್ನೆಯಿಂದ ಇದೊಂದೇ ಹುಳ ಕೊರೆಯುತ್ತಿತ್ತು. ಮಗುವಿಗೆ ತಿನ್ನಿಸುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ. ಬರುವ ಶುಕ್ರವಾರ ಆಸ್ಪತ್ರೆಯವರು ಮಾವನನ್ನು ನಡೆಸುವ ಯಂತ್ರದಿಂದ ಇಳಿಸಿ, ಆ ಜಾಗವನ್ನು ಇನ್ನೊಬ್ಬ ರೋಗಿಗೆ ಕೊಡುವವರಿದ್ದರು. ಬಲಗಾಲು ಸಹಕರಿಸುತ್ತಿಲ್ಲವಂತೆ. ಆಮೇಲೆ ಗಾಲಿಕುರ್ಚಿಯೇ ಗತಿ.

ಮಾವ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. ಇಡೀ ಆಯುಷ್ಯ ಒಂದೇ ಡಿಪೋದಲ್ಲಿ ಕಳೆದವರು. ಕಂಡಕ್ಟರುಗಳು ಅವರಿಗೆ ‘ಬೆಣ್ಣೆ’ ಅಂತ ಹೆಸರಿಟ್ಟಿದ್ದರು. ಅವರು ಬ್ರೇಕ್ ಹಾಕಿದ್ದು ನಿಂತ ಪ್ರಯಾಣಿಕರಿಗೆ ಗೊತ್ತೇ ಆಗುತ್ತಿರಲಿಲ್ಲವಂತೆ. ಗಾಡಿ ಓಡಿಸೋದು ಎಲ್ಲರಿಗೂ ಬರುತ್ತೆ, ನಿಲ್ಲಿಸೋದು ಕಲೀಬೇಕು ಅನ್ನುವುದು ಅವರ ವಾದ. ಮನೆಯಲ್ಲೂ ಹಾಗೇ. ಮದುವೆ ಮಾತುಕತೆಯಲ್ಲಿ ಎರಡೂ ಕಡೆಯವರು ದನಿ ಏರಿಸಿದಾಗ, “ಸ್ವಲ್ಪ ನಿಧಾನ, ಮುಂದೆ ತಿರುವಿದೆ” ಅಂದು ಎಲ್ಲರನ್ನೂ ನಗಿಸಿದ್ದರು. ಸೊಸೆಗೆ ವರನಿಗಿಂತ ಮೊದಲು ಹಿಡಿಸಿದವರು ಅವರೇ. ನಿವೃತ್ತಿಯಾಗಿ ಕಾಲು ಚಾಚಿ ಕೂರುವ ಹೊತ್ತಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೇಗೋ ಸುಧಾರಿಸಿತು. ಕಾಲು ಮಾತ್ರ ಕಟ್ಟಿಗೆಯಾಗಿ ಉಳಿಯಿತು.

ಯಂತ್ರ ಹೊಸದು, ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಮೇಲಿನಿಂದ ಇಳಿಬಿಟ್ಟ ಪಟ್ಟಿಗಳಲ್ಲಿ ರೋಗಿಯನ್ನು ತೂಗುಹಾಕಿ, ಎರಡೂ ಕಾಲುಗಳನ್ನು ಮೋಟರಿನ ಲೋಹದ ಕಾಲುಗಳಿಗೆ ಬಿಗಿಯುತ್ತಾರೆ. ಕೆಳಗೆ ಬೆಲ್ಟು ಉರುಳುತ್ತದೆ, ಯಂತ್ರ ಕಾಲನ್ನು ಎತ್ತಿ ಎತ್ತಿ ಇಡಿಸುತ್ತದೆ. ರೋಗಿಗೆ ಬೇಸರವಾಗದಿರಲಿ ಅಂತ ಎದುರಿನ ದೊಡ್ಡ ತೆರೆಯ ಮೇಲೆ ಒಂದು ರಸ್ತೆ ಓಡುತ್ತಿರುತ್ತದೆ: ಮರಗಳು, ಮನೆಗಳು, ತಿರುವುಗಳು, ಅಡ್ಡ ಬರುವ ಸೈಕಲ್ಲುಗಳು. ಕಾಲು ತಾನೂ ಒಂದಿಷ್ಟು ಹೆಜ್ಜೆಗೆ ಕೂಡಿದರೆ ಮೂಲೆಯ ದೀಪ ಹಸಿರಾಗುತ್ತದೆ. ಯಂತ್ರಕ್ಕೆ ಎದುರಾಗಿ ಬಿಗಿದರೆ ಕೆಂಪಾಗಿ, ಕೀಂಯ್ ಅಂದು, ಯಂತ್ರ ನಿಂತೇಬಿಡುತ್ತದೆ. ಮಾವನ ಹೆಜ್ಜೆ ಇನ್ನೇನು ಕೂಡಿಬಂತು ಅನ್ನುವಷ್ಟರಲ್ಲಿ ಕೆಂಪು. ಪ್ರತಿ ಸಲವೂ ಕೆಂಪು.

“ಅವರ ತಪ್ಪಲ್ಲ ಇದು,” ಫಿಸಿಯೋಥೆರಪಿಸ್ಟ್ ನಿನ್ನೆ ಸೊಸೆಯನ್ನು ಪಕ್ಕಕ್ಕೆ ಕರೆದು ಹೇಳಿದ್ದಳು. “ಸ್ನಾಯು ತಾನಾಗಿ ಬಿಗೀತಿದೆ, ಅವರ ಮಾತು ಕೇಳ್ತಿಲ್ಲ. ಕಾಯ್ತಿರೋರು ತುಂಬ ಜನ ಇದ್ದಾರೆ.” ಅವಳ ಕಣ್ಣ ಕೆಳಗೂ ಕಪ್ಪುಗಟ್ಟಿತ್ತು. ಸೊಸೆ ತಲೆಯಾಡಿಸಿದ್ದಳು. ಸೊಂಟದ ಮೇಲಿದ್ದ ಮಗು ಕಿವಿಯೋಲೆ ಹಿಡಿದು ಎಳೆಯುತ್ತಿತ್ತು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಮಾವ ಮುಂದಿನ ಸೀಟಿನಲ್ಲಿ ಕೂತಿದ್ದರು. ತಿರುವಿನಲ್ಲಿ ಒಂದು ಸ್ಕೂಟರು ಅಡ್ಡ ನುಗ್ಗಿತು. ಮಾವನ ಪಾದ ಜೋತು ಬೀಳದಿರಲಿ ಎಂದು ತೊಡಿಸಿದ್ದ ಪ್ಲಾಸ್ಟಿಕ್ ಪಟ್ಟಿ ಕಿರ್ ಅಂದಿತು.

“ಏನ್ ಯಜಮಾನ್ರೇ, ಆ ಕಡೆನೂ ಬ್ರೇಕ್ ಇದೆಯಾ?” ಟ್ಯಾಕ್ಸಿಯವನು ನಕ್ಕ.

“ನೀನು ಹಾಕೋ ಹಾಗೆ ಕಾಣಲಿಲ್ಲ. ಯಾರಾದ್ರೂ ಹಾಕ್ಬೇಕಲ್ಲಪ್ಪ.”

ಸೊಸೆಯೂ ನಕ್ಕಳು. ಮನೆ ಮುಟ್ಟಿ, ಅವರನ್ನು ಹಾಸಿಗೆಗೆ ಸೇರಿಸಿ, ಮಗುವಿನ ಬಟ್ಟೆ ಬದಲಿಸಿ ಒಲೆಯ ಮುಂದೆ ನಿಂತಾಗ ಆ ನಗು ಇಂಗಿಹೋಯಿತು. ಕಿರ್ ಅಂದದ್ದು ಬಲಗಾಲು, ಬ್ರೇಕ್ ಒತ್ತುವ ಕಾಲು. ಆ ಕಾಲಿಗೆ ಮಾತ್ರ ಪಟ್ಟಿ ಇರುವುದು. ಯಂತ್ರದಲ್ಲೂ ಕೆಂಪು ಹತ್ತುವುದು ತೆರೆಯ ರಸ್ತೆ ತಿರುಗಿದಾಗಲೇ ಅಲ್ಲವೇ?

ಗಂಡ ಪ್ರಿಂಟಿಂಗ್ ಪ್ರೆಸ್ಸಿನಿಂದ ಬಂದು ಶೂ ಬಿಚ್ಚುತ್ತಿದ್ದಾಗ ತನ್ನ ಅನುಮಾನ ಹೇಳಿದಳು.

“ದಿನಾ ನೋಡೋ ಅವರಿಗೆ ಗೊತ್ತಾಗದ್ದು ನಿನಗೆ ಗೊತ್ತಾಯ್ತಾ?” ಅವನ ದನಿಯಲ್ಲಿ ಕೋಪವಿರಲಿಲ್ಲ, ಸುಸ್ತಿತ್ತು. “ಮಗೂಗೆ ಹಲ್ಲು ಬರೋವಾಗ ಜ್ವರ ಅಂತ ಇದೇ ಆಸ್ಪತ್ರೆಗೆ ಎಷ್ಟು ಸಲ ಫೋನ್ ಮಾಡಿದೆ? ನಿನ್ನ ದನಿ ಕೇಳಿದ್ರೇನೇ ಅಲ್ಲಿಯವರು ಹಣೆ ಚಚ್ಕೋತಾರೆ.”

“ಹಾಗಾದ್ರೆ ನೀನೇ ಮಾಡು.”

“ಏನಂತ ಮಾಡ್ಲಿ? ನಮ್ಮಪ್ಪ ನಿಮ್ಮ ಯಂತ್ರದಲ್ಲಿ ಬಸ್ ಓಡಿಸ್ತಿದ್ದಾರೆ ಅಂತಲಾ?”

ಇವತ್ತು ಬೆಳಗ್ಗೆಯಿಂದ ಅವಳು ಫೋನನ್ನು ಕೈಗೆತ್ತಿಕೊಳ್ಳುವುದು, ಕೆಳಗಿಡುವುದು. ತಪ್ಪಾದರೆ ನಗೆಪಾಟಲು, ಜೊತೆಗೆ ಮುದುಕರಿಗೆ ಸುಮ್ಮನೆ ಆಸೆ ಹುಟ್ಟಿಸಿದ ಪಾಪ. ಸರಿಯಿದ್ದೂ ಬಾಯಿ ಬಿಡದಿದ್ದರೆ?

ಮಧ್ಯಾಹ್ನ ಮಗು ಮಲಗಿತು. ಮಾವ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಕೆಳಗಿನ ರಸ್ತೆ ನೋಡುತ್ತಿದ್ದರು.

“ಮಾವ, ಆ ತೆರೆ ಮೇಲೆ ರಸ್ತೆ ತಿರುಗುತ್ತಲ್ಲ, ಆಗ ಏನು ಮಾಡ್ತೀರಿ?”

“ಏನ್ ಮಾಡೋದು? ಆ ರಸ್ತೆ ಮಾಡಿದವನ ಕೈಗೆ ಯಾರೂ ಒಂದು ದಿನಾನೂ ಸ್ಟಿಯರಿಂಗ್ ಕೊಟ್ಟಿಲ್ಲ ಅನಿಸುತ್ತೆ. ತಿರುವು ಬಂದ್ರೂ ಅದೇ ವೇಗ. ಎದೆ ಝಲ್ ಅನ್ನುತ್ತೆ.”

“ಆಗ ಬ್ರೇಕ್ ಒತ್ತುತ್ತೀರಾ?”

“ಒತ್ತೋಕೆ ಕಾಲೆಲ್ಲಿದೆ ತಾಯಿ?” ಯಾರೋ ಬಿಟ್ಟುಹೋದ ಸಾಮಾನೆಂಬಂತೆ ಅವರು ತೊಡೆಯನ್ನು ತಟ್ಟಿದರು. “ಬಿಟ್ಬಿಡು. ಆ ಜಾಗ ಯಾರಾದ್ರೂ ಸಣ್ಣ ವಯಸ್ಸಿನವರಿಗೆ ಸಿಗಲಿ. ನಿನಗೂ ಓಡಾಟ ತಪ್ಪುತ್ತೆ. ಇತ್ತೀಚೆಗೆ ಕನ್ನಡಿ ನೋಡ್ಕೊಂಡಿದ್ದೀಯಾ?”

ಓಡಾಟ ತಪ್ಪುತ್ತೆ ಅನ್ನುವ ಮಾತಿಗೆ ಅವಳ ಮೈ ಒಂದು ಗಳಿಗೆ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯಾಯಿತು. ನೆಲಕ್ಕೆ ಕೂತು ಪಟ್ಟಿ ಬಿಚ್ಚಿದಳು, ಅವರ ಬಲಪಾದದ ಕೆಳಗೆ ಅಂಗೈ ಇಟ್ಟಳು.

“ಇದೇನಮ್ಮಾ, ಕಾಲು ಹಿಡೀತೀಯ.”

“ತಣ್ಣಗಿದೆಯಾ ನೋಡ್ತಿದ್ದೀನಿ. ನೀವು ರಸ್ತೆ ನೋಡ್ತಿರಿ.”

ಪಾದ ತಣ್ಣಗೇ ಇತ್ತು, ಜೀವವಿಲ್ಲದ ಭಾರ. ಕೆಳಗೆ ಗಾಡಿಗಳು ಬಂದವು, ಹೋದವು. ಅಂಗೈಗೆ ಏನೂ ತಿಳಿಯಲಿಲ್ಲ. ಮಂಡಿ ನೋಯತೊಡಗಿತು, ಕಣ್ಣು ತಾನಾಗಿ ಮುಚ್ಚಿಕೊಳ್ಳತೊಡಗಿತು. ನನಗೆಲ್ಲೋ ತಲೆ ಕೆಟ್ಟಿದೆ ಅಂದುಕೊಂಡು ಕೈ ಎಳೆದುಕೊಳ್ಳಬೇಕು, ಅಷ್ಟರಲ್ಲಿ ಕೆಳಗೆ ಲಾರಿಯೊಂದು ಹಾರ್ನ್ ಬಾರಿಸಿತು. ಮೂಲೆಯಲ್ಲಿ ಶಾಲೆ ಮಕ್ಕಳು ರಸ್ತೆ ದಾಟುತ್ತಿದ್ದರು. ಮಾವ ಮುಂದಕ್ಕೆ ಬಾಗಿದರು. ಅಂಗೈ ಮೇಲೆ ಮೊದಲು ಬೆರಳುಗಳು ಊರಿದವು, ಆಮೇಲೆ ಪಾದದ ಮುಂಭಾಗ. ಎಳೆತವಿಲ್ಲ, ನಡುಕವಿಲ್ಲ, ಒಂದೇ ಸಮನೆ ಏರುವ ಒತ್ತಡ. ಅವಳ ಬೆರಳ ಗಂಟುಗಳು ನೆಲಕ್ಕೆ ಒತ್ತಿ ನೋವಾಯಿತು. ಲಾರಿ ನಿಂತಿತು. ಪಾದವೂ ಹಗುರಾಯಿತು.

“ಅಯೋಗ್ಯ, ಹೀಗಾ ಓಡಿಸೋದು,” ಅಂದರು ಮಾವ. ತಮ್ಮ ಕಾಲು ಏನು ಮಾಡಿತೆಂದು ಅವರಿಗೇ ಗೊತ್ತಿರಲಿಲ್ಲ.

ಅವಳು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿ, ಯೋಚಿಸಲು ತನಗೇ ಪುರುಸೊತ್ತು ಕೊಡದೆ ನಂಬರು ಒತ್ತಿದಳು. ಫಿಸಿಯೋಥೆರಪಿಸ್ಟೇ ಎತ್ತಿಕೊಂಡಳು.

“ಹೇಳಿ. ಏನಾಯ್ತು?”

ಟ್ಯಾಕ್ಸಿ, ತಿರುವು, ಲಾರಿ, ಅಂಗೈ ಎಲ್ಲವನ್ನೂ ಸೊಸೆ ಒಂದೇ ಉಸಿರಿಗೆ, ಹಿಂದುಮುಂದಾಗಿ ಹೇಳಿದಳು. ಆ ಕಡೆಯಿಂದ ಒಂದೇ ಪ್ರಶ್ನೆ ಬಂತು.

“ಬಿಟ್ಟರಾ?”

“ಏನು?”

“ಒತ್ತಿದ ಮೇಲೆ ಕಾಲು ಸಡಿಲ ಬಿಟ್ಟರಾ? ತಾನಾಗಿ ಬಿಗಿದುಕೊಂಡಿದ್ರೆ ಅಷ್ಟು ಸಲೀಸಾಗಿ ಬಿಡಲ್ಲ.”

“ಬಿಟ್ಟರು. ಲಾರಿ ನಿಂತ ತಕ್ಷಣ ಬಿಟ್ಟರು.”

ಕುರ್ಚಿ ಎಳೆದ ಸದ್ದು ಕೇಳಿಸಿತು. “ಆ ರಸ್ತೆ ತೋರಿಸಿ ಬ್ರೇಕ್ ಹಾಕಿಸ್ತಿದ್ದದ್ದು ನಾವೇ,” ಅಂದಳು ಅವಳು, ತನಗೆ ತಾನೇ ಎಂಬಂತೆ. “ನಾಳೆ ತೆರೆ ಆರಿಸಿ ನಡೆಸಿ ನೋಡ್ತೀನಿ. ಮಾತು ಕೊಡ್ತಿಲ್ಲ. ಆಗಲೂ ಕೆಂಪೇ ಬಂದ್ರೆ ಶುಕ್ರವಾರಕ್ಕೆ ಮುಗೀತು.”

“ಆಯ್ತು.”

“ಬೆಳಗ್ಗೆ ಬೇಗ ಕರ್ಕೊಂಡು ಬನ್ನಿ, ಬೇರೆಯವರು ಬರೋಕೆ ಮುಂಚೆ. ಆಗುತ್ತಾ ನಿಮಗೆ?”

ಕೋಣೆಯಲ್ಲಿ ಮಗು ಎದ್ದು ರಾಗ ತೆಗೆದಿತ್ತು. ಸೊಸೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು.

“ಬರ್ತೀವಿ,” ಅಂದಳು.