ಮಾರ್ಜಿನ್ ಮತ್ತು ಬಾಳೆಗೆ ಕೊಟ್ಟ ಗಳ

ಮಂಗಳವಾರ ಬೆಳಿಗ್ಗೆ 10.42. ಮೊಬೈಲ್ ತೆರೆದು ನೋಡಿದೆ. ನನ್ನ ಷೇರು ಖಾತೆಯಲ್ಲಿ ನಷ್ಟದ ಭದ್ರತೆಗೆಂದು ಇರಲೇಬೇಕಾದ ಮಾರ್ಜಿನ್ ಹಣ ನಲವತ್ತು ಸಾವಿರದಿಂದ ಒಂದೂವರೆ ಲಕ್ಷಕ್ಕೆ ಜಿಗಿದಿತ್ತು. ಇದ್ದದ್ದು ಐವತ್ತೈದು ಸಾವಿರ, ಅದೂ ಬಿ.ಇಡಿ. ಶುಲ್ಕಕ್ಕೆಂದು ಕೂಡಿಟ್ಟದ್ದು. ಷೇರುಪೇಟೆಯಲ್ಲಿ ಒಂದು ಆಪ್ಷನ್ ಒಪ್ಪಂದ ಮಾರಿ, ಅದರ ನಷ್ಟ ತಡೆಯಲು ಇನ್ನೊಂದನ್ನು ಕೊಂಡಿದ್ದೆ. ಕೊಂಡದ್ದರಲ್ಲಿ ಲಾಭ ಕಂಡು ಅದನ್ನೇ ಮೊದಲು ಮಾರಿಬಿಟ್ಟಿದ್ದೆ. ಆ ತಡೆ ಹೋದದ್ದಕ್ಕೇ ಮಾರ್ಜಿನ್ ಏರಿತ್ತು.

ನಮ್ಮೂರು ಕಲ್ಯದ ತೋಟದಲ್ಲಿ ಬಾಳೆಗೊನೆ ಕಡಿಯುತ್ತಿದ್ದ ಅಪ್ಪನ ಬಳಿ ಓಡಿ, ನಷ್ಟ ತಡೆಯಲು ಕೊಂಡದ್ದನ್ನೇ ಮೊದಲು ಮಾರಿಬಿಟ್ಟೆನೆಂದು ಹೇಳಿದೆ.

“ಗೊನೆ ಇಳ್ಸೋಕ್ ಮುಂಚೆ ಆಸರೆ ಗಳ ಕಿತ್ತಾಕ್ತಾರೇನಮ್ಮಿ? ಮೈಮೇಲೆ ಬೀಳಾಕಿಲ್ವಾ? ಮೊದ್ಲು ಆ ಭಾರ ಇಳ್ಸು!” ಎಂದರು.

ಮಾರಿದ್ದ ಆಪ್ಷನ್ನನ್ನು ತಕ್ಷಣ ವಾಪಸ್ ಕೊಂಡೆ. ಒಂಬತ್ತು ಸಾವಿರ ಹೋಯಿತು, ಉಳಿದದ್ದು ಉಳಿಯಿತು.

ನನ್ನ ಎಕ್ಸೆಲ್ ಹಾಳೆಯಲ್ಲಿ ಮೂವತ್ತೊಂದು ದಿನಗಳ ಮಾರ್ಜಿನ್ ಲೆಕ್ಕ ಪೈಸೆ ತಪ್ಪದೆ ಇದೆ. ಯಾವುದನ್ನು ಮೊದಲು ಬಿಡಿಸಿಕೊಳ್ಳಬೇಕು ಎಂಬ ಕಾಲಂ ಮಾತ್ರ ಇರಲಿಲ್ಲ. ಅಪ್ಪನಿಗೆ ಅದು ಹಾಳೆ ನೋಡದೆಯೇ ಗೊತ್ತಿತ್ತು.