ನಮ್ಮತ್ತೆ ಫಿಲ್ಮ್ ಸಿಟಿಗೆ ಹೊರಟದ್ದು

ನಮ್ಮತ್ತೆ ಕೊಂಡಮ್ಮನವರ ಮುಂದೆ ಯಾವ ಊರಿನ ಹೆಸರು ಎತ್ತಿದರೂ ಅವರ ಉತ್ತರ ಒಂದೇ: "ನನಗೆ ಹುಳ ಐತೆ ಕಣಮ್ಮ." ದಿಬ್ಬೂರಹಳ್ಳಿಯ ಅರ್ಧ ಊರು ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು ಬಂತು, ಅತ್ತೆಗೆ ಹುಳ ಇತ್ತು. ಒಡಹುಟ್ಟಿದ ತಂಗಿ ಚಿಂತಾಮಣಿಯಲ್ಲಿ ಗೃಹಪ್ರವೇಶ ಮಾಡಿದಳು, ಆಗಲೂ ಹುಳ ಇತ್ತು. ಗೌರಿಬಿದನೂರಿನಲ್ಲಿ ನಡೆದ ನನ್ನ ಮದುವೆಗೇನೋ ಬಂದಿದ್ದರು. ಹೆತ್ತ ಮಗ ಸುನೀಲನ ಮದುವೆಗೆ ಬರದೆ ಇರುವುದಕ್ಕಾಗುತ್ತದೆಯೇ? ಆದರೆ ಧಾರೆ ಮುಗಿದದ್ದೇ ತಡ, ಸೊಪ್ಪು ಹಾಕುವ ಹೊತ್ತಾಯಿತು ಎಂದು ಊಟಕ್ಕೂ ಕೂರದೆ ಬಸ್ಸು ಹತ್ತಿದರು. ನಮ್ಮಮ್ಮ ಅದನ್ನು ಇವತ್ತಿಗೂ ಎತ್ತಿ ಆಡುತ್ತಾಳೆ.

ನಾನು ರೈಲು ಓಡಾಡುವ ಊರಿನವಳು. ನಮ್ಮ ಮನೆಯಲ್ಲಿ ಹುಳ ಎಂದರೆ ಬದನೆಕಾಯಿಯೊಳಗೆ ಸಿಕ್ಕುವುದು, ಸಿಕ್ಕರೆ ಬಿಸಾಡುವುದು. ಇಲ್ಲಿಗೆ ಸೊಸೆಯಾಗಿ ಬಂದು ನೋಡಿದರೆ ರೇಷ್ಮೆ ಹುಳಕ್ಕೆ ಊಟವಾದ ಮೇಲೆಯೇ ಮನುಷ್ಯರಿಗೆ ಊಟ. ಹುಳದ ಮನೆಯೊಳಗೆ ಚಪ್ಪಲಿ ಮೆಟ್ಟಿ ಹೋಗುವ ಹಾಗಿಲ್ಲ. ಸೆಂಟು ಹಾಕಿಕೊಂಡಿದ್ದರೆ ಬಾಗಿಲ ಹತ್ತಿರವೂ ಸುಳಿಯುವ ಹಾಗಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಮೊದಲ ವರ್ಷವೆಲ್ಲ ಆ ಹುಳಗಳನ್ನು ಮನಸ್ಸಿನಲ್ಲೇ ಬೈದುಕೊಂಡು ಸೊಪ್ಪು ಹಾಕಿದ್ದೇನೆ.

ಅತ್ತೆಗೆ ಹುಳ ಬಿಟ್ಟರೆ ಇನ್ನೊಂದು ಹುಚ್ಚು ಸಿನಿಮಾ. ಹೀಗಿದ್ದೂ ಒಂದು ಸಿನಿಮಾ ಟೀವಿಯಲ್ಲಿ ಬಂದರೆ ಮಾತ್ರ, ಸೊಪ್ಪು ಹಾಕಿ ಆಗಿದ್ದರೂ ಎದ್ದು ಹುಳದ ಮನೆಗೆ ಹೋಗಿಬಿಡುತ್ತಿದ್ದರು. ಯಾಕೆ ಎಂದು ನನಗೆ ಹೇಳಿದವರು ಮಾವ ನಲ್ಲಪ್ಪನವರು.

ಅತ್ತೆ ಹೊಸದಾಗಿ ಮದುವೆಯಾಗಿದ್ದ ಕಾಲದಲ್ಲಿ ನಮ್ಮೂರ ಕೆರೆಯ ಏರಿ ಮೇಲೆ ಶೂಟಿಂಗ್ ನಡೆದಿತ್ತಂತೆ. ನಾಯಕಿ ಹಾಡುವಾಗ ಹಿಂದೆ ಬಿಂದಿಗೆ ಹೊತ್ತು ನಡೆಯುವುದಕ್ಕೆ ಊರ ಹೆಂಗಸರು ಬೇಕಾಗಿದ್ದರು. ಎಲ್ಲರಿಗಿಂತ ಮುಂದೆ ನಡೆಯುವುದಕ್ಕೆ ನಮ್ಮತ್ತೆಯನ್ನು ಆರಿಸಿದರು. ಮೊದಲ ದಿನವೆಲ್ಲ ಬರೀ ಅಭ್ಯಾಸ, ಬಿಸಿಲಿನಲ್ಲಿ ನಡೆದೂ ನಡೆದೂ ಕಾಲಿಗೆ ಬೊಬ್ಬೆ ಬಂದಿತ್ತು. ನಿಜವಾಗಿ ಕ್ಯಾಮೆರಾ ತಿರುಗುವ ದಿನ ಬೆಳಗಾಗುತ್ತಲೇ ಮನೆಯಲ್ಲಿ ಹುಳ ಹಣ್ಣಾಯಿತು. ಹಣ್ಣಾಯಿತು ಎಂದರೆ ಹುಳ ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತಿದೆ ಎಂದು ಅರ್ಥ. ಆಗ ಒಂದೊಂದನ್ನೂ ಆಯ್ದು ಬಿದಿರಿನ ತಟ್ಟಿಗೆ, ಅಂದರೆ ಚಂದ್ರಂಕಿಗೆ, ಬಿಡಬೇಕು. ತಡಮಾಡಿದರೆ ಸಿಕ್ಕ ಸಿಕ್ಕಲ್ಲಿ ನೂಲು ಸುರಿಸಿ ಬೆಳೆ ಹಾಳಾಗುತ್ತದೆ. ಅತ್ತೆ ಬಿಂದಿಗೆ ಇಳಿಸಿ ಮನೆಗೆ ಓಡಿದರು. ಆ ಬಿಂದಿಗೆ ಎತ್ತಿಕೊಂಡವರು ಪಕ್ಕದ ಮನೆಯ ಶ್ಯಾಮಲಮ್ಮ.

ಸಿನಿಮಾ ಬಂತು. ಅದರಲ್ಲಿ ಶ್ಯಾಮಲಮ್ಮನ ಬೆನ್ನು ಇತ್ತು. ಬರೀ ಬೆನ್ನು, ಅದೂ ಕಣ್ಣು ಮಿಟುಕಿಸಿದರೆ ತಪ್ಪಿ ಹೋಗುವಷ್ಟು. ಆದರೆ ಶ್ಯಾಮಲಮ್ಮ ಬಿಡುವ ಪೈಕಿಯೇ! ಇವತ್ತಿಗೂ ದರ್ಜಿಯ ಹತ್ತಿರ ಹೋದರೆ, "ಬೆನ್ನು ನೆಟ್ಟಗೆ ಹೊಲಿಯಪ್ಪ, ಸಿನಿಮಾದಾಗೆ ಬಂದಿರೋ ಬೆನ್ನು ಇದು," ಎನ್ನುತ್ತಾರೆ. ಅತ್ತೆ ಅದಕ್ಕೆ ಒಂದು ದಿನವೂ ಎದುರು ಮಾತಾಡಿದವರಲ್ಲ. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅತ್ತೆಗೆ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದೆ. ಹೈದರಾಬಾದಿನ ಹತ್ತಿರ ಒಂದು ಫಿಲ್ಮ್ ಸಿಟಿ. ಸಿನಿಮಾದ ಮಳೆ, ಗುಡುಗು, ಅರಮನೆ, ರೈಲ್ವೆ ಸ್ಟೇಷನ್ ಎಲ್ಲ ಹೇಗೆ ಮಾಡುತ್ತಾರೆಂದು ಅಲ್ಲಿ ಜನಕ್ಕೆ ಬಿಚ್ಚಿ ತೋರಿಸುತ್ತಾರೆ. ಒಂದು ಕಡೆ ನೋಡಲು ಬಂದವರಲ್ಲೇ ಒಬ್ಬರನ್ನು ಕರೆದು, ಕುದುರೆಯಿಲ್ಲದ ಗಾಡಿಯಲ್ಲಿ ಕೂರಿಸಿ, ಗಾಡಿಯನ್ನು ಅಲ್ಲಾಡಿಸಿ, ಚಿತ್ರ ತೆಗೆಯುತ್ತಾರೆ. ಆಮೇಲೆ ದೊಡ್ಡ ಪರದೆಯ ಮೇಲೆ ನೋಡಿದರೆ ಆ ಗಾಡಿ ಕಾಡಿನಲ್ಲಿ ಓಡುತ್ತಿರುತ್ತದೆ.

ಅತ್ತೆ ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು.

"ಯಾರ್ನ ಬೇಕಾದ್ರೂ ಕರೀತಾರಾ ಕಲ್ಯಾಣಮ್ಮ?"

"ಹೂಂ ಅತ್ತೆ."

"ಮುಖ ಕಾಣುತ್ತಾ?"

"ಕಾಣುತ್ತೆ."

ಅವರು ಸೊಪ್ಪು ಕತ್ತರಿಸಲು ಎದ್ದು ಹೋದರು. ಊಟಕ್ಕೆ ಕೂತಾಗ ತಟ್ಟೆಯಿಂದ ತಲೆಯೆತ್ತದೆ, "ಅದ್ಯಾವೂರು ಅಂದೆ?" ಎಂದರು. ನನಗೆ ಅಷ್ಟು ಸಾಕಾಗಿತ್ತು. ಶಿಡ್ಲಘಟ್ಟದ ಕಂಪ್ಯೂಟರ್ ಸೆಂಟರಿನಲ್ಲಿ ದಿನವೂ ಯಾರು ಯಾರಿಗೋ ಟಿಕೆಟ್ ತೆಗೆದುಕೊಡುವ ನಾನು, ನಮ್ಮತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗದಿದ್ದರೆ ನನ್ನ ಹೆಸರು ಕಲ್ಯಾಣಿಯೇ ಅಲ್ಲ ಎಂದುಕೊಂಡೆ.

ಸ್ತ್ರೀಶಕ್ತಿ ಸಂಘದಲ್ಲಿ ಮಾತೆತ್ತಿದೆ. ನಮ್ಮ ಬೀದಿಗೆ ಬೀದಿಯೇ ಹೊರಟು ನಿಂತಿತು. ಚಿಂತಾಮಣಿಯ ಆವುಲಪ್ಪನ ಬಸ್ಸು ಗೊತ್ತಾಯಿತು. ಶುಕ್ರವಾರ ಬೆಳಗ್ಗೆ ಹೊರಡುವುದು, ಶನಿವಾರ ಫಿಲ್ಮ್ ಸಿಟಿ ನೋಡುವುದು. ಒಬ್ಬರ ಮನೆಯಲ್ಲಿ ಚಕ್ಕುಲಿ, ಒಬ್ಬರ ಮನೆಯಲ್ಲಿ ಪುಳಿಯೋಗರೆ ಗೊಜ್ಜು. ಅಲ್ಲಿ ಹಗಲಲ್ಲೇ ಚಂದ್ರ ಬೆಳಗುತ್ತಾನಂತೆ ಎಂದು ಒಬ್ಬರೆಂದರೆ, ಅರಮನೆಯ ಕಂಬ ತಟ್ಟಿದರೆ ಡಬ್ಬದ ಸದ್ದು ಬರುತ್ತದಂತೆ ಎಂದು ಇನ್ನೊಬ್ಬರು. ಶ್ಯಾಮಲಮ್ಮ ಹೊಸ ಬ್ಲೌಸ್ ಹೊಲಿಸಲು ಕೊಟ್ಟರು. ಬೆನ್ನಿನ ವಿಚಾರ ದರ್ಜಿಗೆ ಮತ್ತೊಮ್ಮೆ ಹೇಳಿದರೆಂದು ಬೇರೆ ಹೇಳಬೇಕಾಗಿಲ್ಲ.

ದಿನ ಗೊತ್ತು ಮಾಡಿದ್ದು ನಾನಲ್ಲ, ಅತ್ತೆಯೇ. ಅವರ ಲೆಕ್ಕದಲ್ಲಿ ಮಂಗಳವಾರ ಹುಳ ಹಣ್ಣಾಗಬೇಕು, ಬುಧವಾರದ ಹೊತ್ತಿಗೆ ಎಲ್ಲವೂ ಚಂದ್ರಂಕಿ ಸೇರಿರಬೇಕು. ಚಂದ್ರಂಕಿಗೆ ಬಿಟ್ಟ ಮೇಲೆ ಹುಳಕ್ಕೆ ಸೊಪ್ಪೂ ಬೇಡ, ಹೆಚ್ಚು ಜನವೂ ಬೇಡ. ಮಾವ ಒಬ್ಬರೇ ನೋಡಿಕೊಳ್ಳಬಹುದು. ಅತ್ತೆ ಹಸಿರು ಅಂಚಿನ ಹೊಸ ಸೀರೆಯನ್ನು ಆಗಲೇ ಬ್ಯಾಗಿನಲ್ಲಿ ಇಟ್ಟಾಗಿತ್ತು.

ಅಷ್ಟರಲ್ಲಿ ಮದ್ರಾಸಿನ ಕಡೆ ಅದೇನೋ ವಾಯುಭಾರ ಕುಸಿತವಾಯಿತಂತೆ. ಅಲ್ಲಿ ಕುಸಿದರೆ ಇಲ್ಲಿ ಮೋಡ, ಜಡಿ, ಚಳಿ. ಬಿಸಿಲಿನ ಮುಖವೇ ಇಲ್ಲ. ಚಳಿಗೆ ಹುಳ ಮಂಕಾಗಿ ಸೊಪ್ಪು ತಿನ್ನುವುದು ಕಡಿಮೆ ಮಾಡಿತು. ಅತ್ತೆ ಹುಳದ ಮನೆಯಲ್ಲಿ ಇದ್ದಿಲು ಒಲೆ ಹೊತ್ತಿಸಿ ಪಕ್ಕದಲ್ಲೇ ಕೂತರು. ಮಂಗಳವಾರ ಹಣ್ಣಾಗಲಿಲ್ಲ, ಬುಧವಾರವೂ ಇಲ್ಲ. ಗುರುವಾರ ಸಂಜೆ ನಾನು ಕೆಲಸದಿಂದ ಬರುವ ಹೊತ್ತಿಗೆ ಅತ್ತೆ ಬ್ಯಾಗಿನಿಂದ ಹೊಸ ಸೀರೆ ತೆಗೆದು ಪೆಟ್ಟಿಗೆಯಲ್ಲಿ ಇಡುತ್ತಿದ್ದರು.

"ಪೋನೀಲೇ," ಎಂದರು. ಬೇಸರ ಜಾಸ್ತಿಯಾದರೆ ಅವರ ಬಾಯಲ್ಲಿ ತೆಲುಗು ಬರುತ್ತದೆ. "ಹೋದರೆ ಹೋಗ್ಲಿ. ನೀವೆಲ್ಲ ಹೋಗ್ಬನ್ನಿ. ನನಗೆ ಹುಳ ಐತೆ."

ನನಗೆ ನೆತ್ತಿಗೇರಿತು. "ನಿಮ್ಮ ಹುಳಕ್ಕಿಷ್ಟು ಬೆಂಕಿ ಹಾಕ!"

"ಬಿಡ್ತು ಅನ್ನು! ಬಿಡ್ತು ಅನ್ನು ಮೊದ್ಲು!"

ಬಿಡ್ತು ಎಂದೆ. ಎಂದು, ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಶುಕ್ರವಾರ ಬೆಳಗ್ಗೆ ಮೋಡ ಹರಿದು ಬಿಸಿಲು ಬಂತು. ಹುಳದ ಮನೆಯ ಬಾಗಿಲು ತೆಗೆದು ನೋಡಿದರೆ ಅಷ್ಟೂ ಹುಳ ಒಟ್ಟಿಗೇ ಹಣ್ಣಾಗಿ, ತಲೆ ಎತ್ತಿ ತೂಗುತ್ತಿವೆ! ನಮ್ಮ ಬೀದಿಯಲ್ಲಿ ಯಾರ ಮನೆಯ ಹುಳ ಹಣ್ಣಾದರೂ ಮಿಕ್ಕವರು ಮುಯ್ಯಿಗೆ ಬಂದು ಆಯ್ದುಕೊಡುತ್ತಾರೆ. ಇವತ್ತು ನಮಗೆ, ನಾಳೆ ಅವರಿಗೆ. ಕೂಲಿಯ ಮಾತೇ ಇಲ್ಲ. ಆದರೆ ಆ ಬೆಳಗ್ಗೆ ನಮ್ಮ ಮುಯ್ಯಾಳುಗಳೆಲ್ಲ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಆವುಲಪ್ಪನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡುತ್ತಿದ್ದರು.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಬಾಯಿ ಬಿಟ್ಟೀಯ, ಜೋಕೆ. ಗೊತ್ತಾದ್ರೆ ಎಲ್ಲರೂ ಇಳ್ದು ಬರ್ತಾರೆ. ನನ್ನಿಂದ ಅಷ್ಟು ಜನದ ಪ್ರಯಾಣ ಕೆಡೋದು ಬೇಡ. ನಾನೂ ನಿಮ್ಮಾವನೂ ಸುನೀಲನೂ ಹೆಂಗೋ ಮಾಡ್ಕೊತೀವಿ. ನನಗೆ ಮಂಡಿನೋವು ಅಂತ ಹೇಳಿ ನೀನು ಬಸ್ಸು ಹತ್ತು."

ನಾಲ್ಕು ಜನ ಆಯುವ ಹುಳವೇ ಅದು? ಅತ್ತೆಯನ್ನು ಬಿಟ್ಟು ನಾನು ಹತ್ತುವುದೂ ಸುಳ್ಳು. ಆದರೂ ಅವರು ಹೇಳಿದ ಮಾತನ್ನು ಮುಟ್ಟಿಸಲು ಹೋದೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಅತ್ತೆಗೆ ಮಂಡಿನೋವು. ನಾನೂ ಬರೋಲ್ಲ, ನೀವು ಹೊರಡಿ," ಎಂದೆ.

ಮುಂದಿನ ಸೀಟಿನಲ್ಲಿ ಹೊಸ ಬ್ಲೌಸ್ ತೊಟ್ಟು ಕೂತಿದ್ದ ಶ್ಯಾಮಲಮ್ಮ ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿದರು.

"ಮಂಡಿನೋವಾ?"

"ಹೂಂ."

"ಅಲ್ಲ ಕಣೇ ತಾಯಿ, ಮಂಡಿನೋವು ನಿನ್ನ ಸೆರಗಿನ ಮೇಲೆ ಹರಿದಾಡ್ತೈತಲ್ಲೇ!"

ನೋಡಿಕೊಂಡೆ. ಒಂದು ಹಣ್ಣು ಹುಳ ನನ್ನ ಭುಜದ ಹತ್ತಿರ ತಲೆಯೆತ್ತಿ ಗೂಡು ಕಟ್ಟಲು ಜಾಗ ನೋಡುತ್ತಿತ್ತು.

ಶ್ಯಾಮಲಮ್ಮ ಎದ್ದರು. ಬುಟ್ಟಿಯನ್ನು ಸೀಟಿನ ಮೇಲಿಟ್ಟು, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, "ಇಳೀರ್ರೇ ಎಲ್ಲಾ! ಕೊಂಡಮ್ಮನ ಹುಳ ಹಣ್ಣಾಗೈತೆ!" ಎಂದು ಕೂಗಿದರು. ಇಳಿಯಬೇಕೋ ಬೇಡವೋ ಎಂದು ಒಬ್ಬರೂ ಯೋಚಿಸಲಿಲ್ಲ. ಬಸ್ಸು ಖಾಲಿಯಾಯಿತು.

"ಅಮ್ಮಾ, ಹೈದರಾಬಾದ್ ಇಲ್ಲೇ ಪಕ್ಕದಲ್ಲಿಲ್ಲಮ್ಮ! ತಡ ಆದ್ರೆ ನನ್ನ ಕೇಳ್ಬೇಡಿ," ಎಂದು ಆವುಲಪ್ಪ ಹಿಂದೆಯೇ ಗೊಣಗುತ್ತ ಬಂದ. ಹುಳದ ಮನೆಯ ಬಾಗಿಲಲ್ಲಿ ನಿಂತು ಒಂದು ಹುಳ ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಅಬ್ಬಾ, ಏನು ಹಣ್ಣಾಗೈತೆ! ನಮ್ಮಮ್ಮನೂ ಇಂಥದ್ದೇ ಬೆಳೆ ತೆಗೀತಿದ್ಳು," ಎಂದವನು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತೇಬಿಟ್ಟ.

ಅತ್ತೆ ನನ್ನತ್ತ ದುರುಗುಟ್ಟಿ ನೋಡಿದರು. ನಾನು ಸೆರಗು ತೋರಿಸಿದೆ.

ರೇಷ್ಮೆ ಸೀರೆಯ ಹೆಂಗಸರು ಸಾಲಾಗಿ ಕೂತು ಹುಳ ಆಯ್ದರು. ಮಾವನೂ ಸುನೀಲನೂ ಚಂದ್ರಂಕಿ ಹೊತ್ತು ಹೊತ್ತು ಅಂಗಳದ ನೆರಳಿಗೆ ಸಾಗಿಸಿದರು. ದಾರಿಗೆಂದು ಕಟ್ಟಿಕೊಂಡಿದ್ದ ಪುಳಿಯೋಗರೆಯನ್ನು ಜಗುಲಿಯ ಮೇಲೆ ಬಿಚ್ಚಿ, ಒಬ್ಬರಾದ ಮೇಲೊಬ್ಬರು ಎದ್ದು ತಿಂದು ಬಂದರು. ಸಿನಿಮಾದವರು ಈಗ ಬಂದು ನಮ್ಮನ್ನೇ ಶೂಟಿಂಗ್ ಮಾಡಿಕೊಳ್ಳಬಹುದು ಎಂದು ಯಾರೋ ಅಂದದ್ದಕ್ಕೆ ಗೊಳ್ಳೆಂದು ನಕ್ಕರು. ನಗದೆ ಇದ್ದವರು ಶ್ಯಾಮಲಮ್ಮ ಒಬ್ಬರೇ.

"ಅವತ್ತೂ ಹಿಂಗೇ ಯಾರಿಗೂ ಹೇಳ್ದೆ ಓಡ್ಬಂದೆಯಲ್ಲೇ," ಎಂದರು ಅತ್ತೆಗೆ. "ಕರೆದಿದ್ರೆ ಬರ್ತಿರ್ಲಿಲ್ವಾ?"

"ನೀನು ಬಿಂದಿಗೆ ಎತ್ಕೊಂಡು ನಿಂತಿದ್ದೆ. ಹೆಂಗೆ ಕರೀಲಿ?" ಅತ್ತೆ ಹುಳದ ಮೇಲಿನ ಕಣ್ಣು ತೆಗೆಯದೆ ಹೇಳಿದರು.

ಶ್ಯಾಮಲಮ್ಮ ಕೈಯಲ್ಲಿದ್ದ ಹುಳವನ್ನು ಚಂದ್ರಂಕಿಗೆ ಬಿಟ್ಟರು. ಆಮೇಲೆ, "ನನಗೆ ಗೊತ್ತಿತ್ತು ಕಣೇ, ನಿಮ್ಮನೆ ಹುಳ ಹಣ್ಣಾಗೈತೆ ಅಂತ. ಗೊತ್ತಿದ್ದೂ ಬರ್ಲಿಲ್ಲ. ಇವತ್ತು ಬಂದಿದ್ದೀನಲ್ಲ, ಸುಮ್ನೆ ಆಯಿ," ಎಂದರು. ಅತ್ತೆ ಸುಮ್ಮನೆ ಆಯ್ದರು. ಆದರೆ ಸ್ವಲ್ಪ ಸರಿದು ಶ್ಯಾಮಲಮ್ಮನಿಗೆ ತಮ್ಮ ಮಣೆಯ ಅರ್ಧ ಬಿಟ್ಟುಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಕಡೆಯ ಹುಳವೂ ಚಂದ್ರಂಕಿ ಸೇರಿತು. ಮಾವ ಪೆಟ್ಟಿಗೆಯಿಂದ ಹಸಿರು ಅಂಚಿನ ಸೀರೆಯನ್ನು ತಾವೇ ತೆಗೆದು ತಂದು ಅತ್ತೆಯ ಕೈಗೆ ಕೊಟ್ಟರು. "ಇನ್ನು ನಿನಗೇನು ಕೆಲ್ಸ ಇಲ್ಲಿ? ನಾನೂ ಸುನೀಲನೂ ಇದ್ದೀವಿ. ಹೋಗು, ಬಸ್ಸು ಹತ್ತು." ನಾನೂ ಬ್ಯಾಗು ಎತ್ತಿಕೊಂಡು ಹಿಂದೆಯೇ ಓಡಿದೆ. ಬಸ್ಸು ಊರ ಬಾಗಿಲು ದಾಟಿದಾಗ ಎಲ್ಲರೂ ಹೋ ಎಂದು ಕೂಗಿದೆವು. ಎಲ್ಲರ ಸೀರೆಯ ಮೇಲೂ ಸೊಪ್ಪಿನ ಚೂರಿತ್ತು.

ಮಾರನೆಯ ದಿನ ಫಿಲ್ಮ್ ಸಿಟಿಯಲ್ಲಿ ಡಬ್ಬದ ಕಂಬ, ಹಗಲು ಚಂದ್ರ, ನಲ್ಲಿ ತಿರುಗಿಸಿದರೆ ಸುರಿಯುವ ಮಳೆ ಎಲ್ಲ ನೋಡಿ, ಕೊನೆಗೆ ಆ ಗಾಡಿಯ ಜಾಗಕ್ಕೆ ಬಂದೆವು. ಗಾಡಿ ನಡೆಸುವ ರಾಣಿಯಾಗಲು ಒಬ್ಬರು ಬೇಕು ಎಂದು ಅಲ್ಲಿನ ಹುಡುಗಿ ತೆಲುಗಿನಲ್ಲಿ ಹೇಳಿ ನಮ್ಮ ಸಾಲಿನ ಮೇಲೆ ಕಣ್ಣಾಡಿಸಿದಳು. ಅವಳ ಬೆರಳು ನೆಟ್ಟಗೆ ಶ್ಯಾಮಲಮ್ಮನ ಕಡೆ ಹೋಯಿತು.

"ನಂದು ಆಗೋಗೈತಮ್ಮ," ಎಂದರು ಶ್ಯಾಮಲಮ್ಮ ಜೋರಾಗಿ, ಆ ಹುಡುಗಿಗೆ ಕನ್ನಡ ಬರುತ್ತದೋ ಇಲ್ಲವೋ ನೋಡದೆ. "ಇವಳ್ದು ಬಾಕಿ ಐತೆ." ನಮ್ಮತ್ತೆಯ ಸೊಂಟಕ್ಕೆ ಕೈ ಕೊಟ್ಟು ಮುಂದಕ್ಕೆ ತಳ್ಳಿದರು.

ಅತ್ತೆಯನ್ನು ಗಾಡಿಯ ಮೇಲೆ ಕೂರಿಸಿ ಕೈಗೆ ಲಗಾಮು ಕೊಟ್ಟರು. ವಿಡಿಯೋದಲ್ಲಿದ್ದ ಹಾಗಲ್ಲ, ಇವತ್ತು ಕ್ಯಾಮೆರಾ ಗಾಡಿಯ ಹಿಂದಿತ್ತು. ಕಳ್ಳರು ಅಟ್ಟಿಸಿಕೊಂಡು ಬರುತ್ತಿದ್ದಾರೆ, ಮುಂದೆ ನೋಡಿ ಓಡಿಸಬೇಕು, ಏನೇ ಆದರೂ ಹಿಂದೆ ತಿರುಗಬಾರದು ಎಂದು ಹುಡುಗಿ ಎರಡು ಸಲ ಹೇಳಿದಳು. ಗಾಡಿ ಅಲ್ಲಾಡತೊಡಗಿತು. ನಮ್ಮತ್ತೆ ಲಗಾಮನ್ನು ಒಂದು ಕೈಗೆ ತೆಗೆದುಕೊಂಡು, ಸೆರಗು ಸರಿಮಾಡಿಕೊಂಡು, ಪೂರ್ತಿ ಹಿಂದಕ್ಕೆ ತಿರುಗಿ ಕ್ಯಾಮೆರಾ ನೋಡಿ ನಕ್ಕರು.

"ಅಮ್ಮಾ, ಮುಂದೆ ನೋಡಿ, ಮುಂದೆ!" ಎಂದಳು ಹುಡುಗಿ ತೆಲುಗಿನಲ್ಲಿ.

"ಬೆನ್ನು ತೋರ್ಸಕ್ಕೆ ಇಷ್ಟು ದೂರ ಬಂದಿಲ್ಲ ಕಣಮ್ಮ," ಎಂದರು ಅತ್ತೆ ಅಚ್ಚಕನ್ನಡದಲ್ಲಿ, ಮತ್ತು ಮುಂದೆ ತಿರುಗಲೇ ಇಲ್ಲ.

ದೊಡ್ಡ ಪರದೆಯ ಮೇಲೆ ಕಾಡು, ಧೂಳು, ನಾಗಾಲೋಟದ ಗಾಡಿ, ಅದರ ನಡುವೆ ಯಾವ ಕಳ್ಳರಿಗೂ ಹೆದರದೆ ನಮ್ಮನ್ನೇ ನೋಡಿ ನಗುತ್ತಿರುವ ಕೊಂಡಮ್ಮ. ಅಲ್ಲಿದ್ದವರೆಲ್ಲ ನಕ್ಕರು. ಶ್ಯಾಮಲಮ್ಮ ಮಾತ್ರ ಎದ್ದು ನಿಂತು, ಮೂಗು ಒರೆಸಿಕೊಳ್ಳುತ್ತ, "ಮುಖ ಕಣ್ರೇ! ನಮ್ಮ ಕೊಂಡಮ್ಮನ ಮುಖ!" ಎಂದು ಇಡೀ ಹಾಲಿಗೆ ಕೇಳುವ ಹಾಗೆ ಕೂಗುತ್ತಿದ್ದರು.